ಮೋಟಾರ್‌ಸೈಕಲ್‌ನ ದೀರ್ಘಾವಧಿ ನಿಲುಗಡೆ

ಮೋಟಾರ್‌ಸೈಕಲ್‌ನ ದೀರ್ಘಾವಧಿ ನಿಲುಗಡೆ ಎಂದರೆ ಹಲವು ವಾರಗಳಿಂದ ಹಿಡಿದು ವರ್ಷಗಳವರೆಗೆ ಬಳಕೆಯಲ್ಲಿರದ ಮೋಟಾರ್‌ಸೈಕಲ್ಲನ್ನು ಅದರ ಭಾಗಗಳು ಕೆಡದಂತೆ ಸಿದ್ಧಪಡಿಸಿ, ಬೆಂಕಿ, ನೀರು, ಕಳ್ಳತನ ಮತ್ತು ಪ್ರಾಣಿಗಳ ಹಾವಳಿಗೆ ಸಿಗದಂತೆ ಇರಿಸುವ ಕ್ರಮ. ಕೆನಡಾ, ಸ್ವೀಡನ್, ಜರ್ಮನಿ ಮೊದಲಾದ ಶೀತದೇಶಗಳಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಬೈಕ್‌ಗಳನ್ನು ಓಡಿಸುವುದು ಕಷ್ಟವಾದ್ದರಿಂದ ಅಲ್ಲಿ ಇದು ಪ್ರತಿವರ್ಷದ ಕೆಲಸವಾಗಿದೆ. ಈ ವಿಷಯದ ಬಹುಪಾಲು ಬರಹಗಳು ಆ ದೇಶಗಳ ಚಳಿಗಾಲವನ್ನೇ ಗಮನದಲ್ಲಿಟ್ಟುಕೊಂಡಿವೆ. ಭಾರತದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ವಾಹನ ನಿಲ್ಲುವುದು ಹವೆಯ ಕಾರಣದಿಂದಲ್ಲ, ಮಾಲೀಕನ ಗೈರುಹಾಜರಿಯಿಂದ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯವರು, ಸೇನೆಯಲ್ಲಿರುವ ಕೊಡಗಿನವರು, ವ್ಯಾಸಂಗಕ್ಕೆಂದು ಹೊರದೇಶಕ್ಕೆ ತೆರಳಿದ ವಿದ್ಯಾರ್ಥಿಗಳು ಬಿಟ್ಟುಹೋದ ಬೈಕ್‌ಗಳು ಮನೆಯ ಜಗಲಿಯ ಪಕ್ಕದಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಒಂದೆರಡು ಮಳೆಗಾಲಗಳನ್ನು ಕಳೆಯುತ್ತವೆ. ಆದ್ದರಿಂದ ಇಲ್ಲಿಯ ಮುಖ್ಯ ಶತ್ರು ಹಿಮವಲ್ಲ, ತೇವಾಂಶ.

ನಿಂತ ವಾಹನ ಕೆಡಲು ಕಾರಣ

ಓಡುತ್ತಿರುವ ಯಂತ್ರದಲ್ಲಿ ಎಣ್ಣೆ ಎಲ್ಲ ಭಾಗಗಳಿಗೂ ಹರಡುತ್ತಿರುತ್ತದೆ, ಶಾಖದಿಂದ ತೇವ ಆವಿಯಾಗುತ್ತದೆ, ಬ್ಯಾಟರಿ ಮತ್ತೆ ತುಂಬಿಕೊಳ್ಳುತ್ತದೆ, ಹಳೆಯ ಪೆಟ್ರೋಲ್ ಖರ್ಚಾಗಿ ಹೊಸದು ಬರುತ್ತದೆ. ವಾಹನ ನಿಂತೊಡನೆ ಈ ನಾಲ್ಕೂ ನಿಲ್ಲುತ್ತವೆ. ಸಿಲಿಂಡರಿನ ಒಳಗೋಡೆಯ ಮೇಲಿನ ಎಣ್ಣೆಯ ಪದರ ನಿಧಾನವಾಗಿ ಕೆಳಗಿಳಿದು ಲೋಹ ಬರಿದಾಗುತ್ತದೆ. ರಾತ್ರಿ ತಣ್ಣಗಾದ ಎಂಜಿನ್ ಭಾರವಾದ ಲೋಹದ ಗಟ್ಟಿಯಾಗಿರುವುದರಿಂದ ಬೆಳಗಿನ ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ. ಆಗ ತೇವ ತುಂಬಿದ ಗಾಳಿ ತಣ್ಣನೆಯ ಲೋಹಕ್ಕೆ ತಗುಲಿ ಇಬ್ಬನಿಯಂತೆ ಹನಿಗಟ್ಟುತ್ತದೆ. ತಂಪಾದ ಲೋಟದ ಹೊರಮೈಯಲ್ಲಿ ನೀರು ಮೂಡುವುದೂ ಇದೇ ಕ್ರಿಯೆಯಿಂದ. ಮಳೆಗಾಲದ ಮಲೆನಾಡಿನಲ್ಲಿ ಇದು ವಾರಗಟ್ಟಲೆ ಪುನರಾವರ್ತನೆಯಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಗಾಳಿಯೊಡನೆ ಉಪ್ಪಿನ ಕಣಗಳೂ ಬರುತ್ತವೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದಲ್ಲದೆ ಉಕ್ಕು ತುಕ್ಕು ಹಿಡಿಯುವ ವೇಗವನ್ನೂ ಹೆಚ್ಚಿಸುತ್ತದೆ. ಹೀಗಾಗಿ ಕಡಲಿನ ಸಮೀಪ ಆರು ತಿಂಗಳು ನಿಂತ ಬೈಕಿಗೂ ಒಣಹವೆಯ ವಿಜಯಪುರದಲ್ಲಿ ಅಷ್ಟೇ ಕಾಲ ನಿಂತ ಬೈಕಿಗೂ ಬೇಕಾಗುವ ಆರೈಕೆ ಒಂದೇ ಅಲ್ಲ.

ಇಂಧನ

ಪೆಟ್ರೋಲ್ ಒಂದೇ ವಸ್ತುವಲ್ಲ. ಅದು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಇವುಗಳಲ್ಲಿ ಹಗುರವಾದವು ಮೊದಲು ಆವಿಯಾಗುತ್ತವೆ. ಎಂಜಿನ್ ಸುಲಭವಾಗಿ ಚಾಲೂ ಆಗಲು ಬೇಕಾದವು ಇವೇ ಆಗಿರುವುದರಿಂದ ಹಳೆಯ ಪೆಟ್ರೋಲ್‌ನಲ್ಲಿ ಬೈಕು ಹೊತ್ತಿಕೊಳ್ಳಲು ಸತಾಯಿಸುತ್ತದೆ. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕಂದುಬಣ್ಣದ ಅಂಟಾಗಿ ಮಾರ್ಪಡುತ್ತದೆ. ಕಾರ್ಬ್ಯುರೇಟರ್ ಇರುವ ಬೈಕ್‌ಗಳಲ್ಲಿ ಇದರ ಪರಿಣಾಮ ತೀವ್ರ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿಯುವ ಪೆಟ್ರೋಲ್ ಬಹಳ ಕಡಿಮೆ. ಅದು ಬೇಗ ಒಣಗಿ, ನಿಧಾನಗತಿಗೆ ಇಂಧನ ಒದಗಿಸುವ ಸೂಕ್ಷ್ಮ ರಂಧ್ರದ ಜೆಟ್ಟನ್ನು ಮುಚ್ಚಿಬಿಡುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಓಡುವ ಬೈಕು ಬಿಟ್ಟೊಡನೆ ಆಫ್ ಆಗುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಭಾರತದಲ್ಲಿ ಇದಕ್ಕೆ ಎಥನಾಲ್‌ನ ಅಂಶವೂ ಸೇರಿದೆ. ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಚಾಲನೆ ನೀಡಲಾಯಿತು. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಅಲ್ಪಸ್ವಲ್ಪ ತೇವವಾದರೆ ತೊಂದರೆಯಿಲ್ಲ, ಅದು ಪೆಟ್ರೋಲ್‌ನೊಡನೆ ಉರಿದುಹೋಗುತ್ತದೆ. ಆದರೆ ನೀರಿನ ಪ್ರಮಾಣ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಇಂಧನ ಹೊರಬರುವ ದ್ವಾರ ಇರುವುದೂ ತಳದಲ್ಲೇ. ಹೀಗೆ ಬೇರ್ಪಟ್ಟ ದ್ರವದಲ್ಲಿ ಎಂಜಿನ್ ಓಡದು, ಉಕ್ಕಿನ ಟ್ಯಾಂಕಿನ ತಳಕ್ಕೆ ತುಕ್ಕೂ ಹಿಡಿಯುತ್ತದೆ. ಗಾಳಿಯ ತೇವಕ್ಕಿಂತ ಮಳೆಯ ನೀರಿನಿಂದ ಈ ಅಪಾಯ ಹೆಚ್ಚು. ಅನೇಕ ಬೈಕ್‌ಗಳಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತ ಬಿದ್ದ ನೀರು ಹೊರಹೋಗಲು ಸಣ್ಣ ಕೊಳವೆಯೊಂದಿರುತ್ತದೆ. ಅದು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಮುಚ್ಚಳದ ಸಂದಿನಿಂದ ಒಳಗಿಳಿಯುತ್ತದೆ. ತೆರೆದ ಜಾಗದಲ್ಲಿ ನಿಲ್ಲಿಸುವವರು ಈ ಕೊಳವೆಯನ್ನು ಪರೀಕ್ಷಿಸಬೇಕು.

ಟ್ಯಾಂಕನ್ನು ಪೂರ್ತಿ ತುಂಬಿಸಬೇಕೆ ಅಥವಾ ಬರಿದು ಮಾಡಬೇಕೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದ ಕಾರಣ ಒಳಮೈಗೆ ತುಕ್ಕು ಹಿಡಿಯುವುದಿಲ್ಲ. ಬರಿದಾದ ಟ್ಯಾಂಕಿನಲ್ಲಿ ಕೆಡಲು ಇಂಧನವೇ ಇರುವುದಿಲ್ಲ, ಆದರೆ ಒಳಗಿನ ಉಕ್ಕು ತೇವಕ್ಕೆ ತೆರೆದುಕೊಳ್ಳುತ್ತದೆ. ಮೂರು ನಾಲ್ಕು ತಿಂಗಳ ಗೈರುಹಾಜರಿಗೆ ತುಂಬಿದ ಟ್ಯಾಂಕೇ ಲೇಸು. ಪೆಟ್ರೋಲ್ ಹಳಸದಂತೆ ತಡೆಯುವ ಸ್ಥಿರಕಾರಿ ದ್ರವ ದೊರೆತರೆ ಅದನ್ನು ಬೆರೆಸಿ, ಅದು ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರಿನವರೆಗೂ ತಲುಪುವಂತೆ ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಒಂದು ವರ್ಷಕ್ಕೂ ಮೀರಿ ನಿಲ್ಲುವ ಬೈಕಿನ ಟ್ಯಾಂಕನ್ನು ಬರಿದು ಮಾಡಿ, ಸ್ವಲ್ಪ ಎಂಜಿನ್ ಆಯಿಲ್ ಸುರಿದು, ಅದು ಒಳಗೋಡೆಗೆಲ್ಲ ಹತ್ತುವಂತೆ ಅಲುಗಾಡಿಸಿಡುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಟ್ಯಾಂಕಿನ ವಿಷಯದಲ್ಲಿ ಯಾವುದನ್ನು ಆರಿಸಿದರೂ ಕಾರ್ಬ್ಯುರೇಟರನ್ನು ಮಾತ್ರ ಬರಿದು ಮಾಡಲೇಬೇಕು. ಪೆಟ್ರೋಲ್ ಕಾಕನ್ನು ಮುಚ್ಚಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಕೆಳಗಿರುವ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಇಳಿಸಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ನಂತರ ಭಾರತದ ಬಹುತೇಕ ಬೈಕ್‌ಗಳಲ್ಲಿ ಇಂಧನ ಇಂಜೆಕ್ಷನ್ ವ್ಯವಸ್ಥೆಯಿದೆ. ಇವುಗಳಲ್ಲಿ ಟ್ಯಾಂಕ್ ಬರಿದಾಗುವವರೆಗೆ ಎಂಜಿನ್ ಓಡಿಸಕೂಡದು. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದಲೇ.

ಟ್ಯಾಂಕಿನಿಂದ ಪೆಟ್ರೋಲ್ ತೆಗೆಯುವಾಗ ಕೊಳವೆಯನ್ನು ಬಾಯಿಂದ ಎಳೆಯುವ ಅಭ್ಯಾಸ ವ್ಯಾಪಕವಾಗಿದೆ. ಇದು ಅತ್ಯಂತ ಅಪಾಯಕಾರಿ. ಒಂದು ಗುಟುಕು ಶ್ವಾಸನಾಳಕ್ಕೆ ಇಳಿದರೂ ಪುಪ್ಪುಸದಲ್ಲಿ ತೀವ್ರವಾದ ಉರಿಯೂತ ಉಂಟಾಗುತ್ತದೆ. ಹೀಗಾದವರನ್ನು ವಾಂತಿ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಂತಿಯೊಡನೆ ಪೆಟ್ರೋಲ್ ಮತ್ತೊಮ್ಮೆ ಶ್ವಾಸಕೋಶ ಸೇರುವ ಸಂಭವವಿದೆ. ಟ್ಯಾಂಕಿನ ಕೆಳಗಿನ ಕೊಳವೆಯನ್ನು ಕಳಚಿ ಇಳಿಸಿಕೊಳ್ಳುವುದು ಅಥವಾ ಕೈಪಂಪು ಬಳಸುವುದು ಸುರಕ್ಷಿತ. ತೆಗೆದ ಪೆಟ್ರೋಲನ್ನು ಕ್ಯಾನಿನಲ್ಲಿ ಮನೆಯೊಳಗೆ ಇಡದೆ ಕೂಡಲೇ ಬೇರೆ ವಾಹನಕ್ಕೆ ಹಾಕಿ ಖರ್ಚು ಮಾಡಬೇಕು.

ಬ್ಯಾಟರಿ

ನಿಂತ ಬೈಕಿನಲ್ಲಿ ಮೊದಲು ಸಾಯುವುದು ಬ್ಯಾಟರಿ. ಸೀಸ ಮತ್ತು ಸಲ್ಫ್ಯೂರಿಕ್ ಆಮ್ಲದ ಬ್ಯಾಟರಿ ಯಾವುದಕ್ಕೂ ಜೋಡಿಸದಿದ್ದರೂ ಒಳಗಿನ ರಾಸಾಯನಿಕ ಕ್ರಿಯೆಯಿಂದ ತಾನಾಗಿಯೇ ಖಾಲಿಯಾಗುತ್ತ ಹೋಗುತ್ತದೆ. ಹವೆ ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು. ಚಾರ್ಜ್ ಇಳಿದ ಸ್ಥಿತಿಯಲ್ಲಿ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂರುತ್ತದೆ. ಇವು ಮರಳಿ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಊರಿಗೆ ಮರಳಿದ ಮಾಲೀಕ ಚಾರ್ಜ್ ಮಾಡಿಸಿದ ಬ್ಯಾಟರಿ ಎರಡೇ ದಿನಕ್ಕೆ ಸೋಲುವುದು ಇದರಿಂದಲೇ.

ಇದಕ್ಕೆ ವಾಹನದ ಸ್ವಂತ ಬಳಕೆಯೂ ಸೇರುತ್ತದೆ. ಡಿಜಿಟಲ್ ಮೀಟರಿನ ಗಡಿಯಾರವು ಒಂದು ಮಿಲಿಆಂಪಿಯರಿನಷ್ಟೇ ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಂಡರೂ 30 ದಿನಗಳಲ್ಲಿ 0.72 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಬ್ಯಾಟರಿಯ ಸಾಮರ್ಥ್ಯ 3 ಆಂಪಿಯರ್-ಗಂಟೆಯಾಗಿದ್ದರೆ ಇದು ಅದರ ಸುಮಾರು ಕಾಲುಭಾಗ. ಹೊರಗಿನಿಂದ ಅಳವಡಿಸಿದ ಅಲಾರಂ ಅಥವಾ ಜಿಪಿಎಸ್ ಸಾಧನವಿದ್ದರೆ ಬ್ಯಾಟರಿ ಇನ್ನೂ ಬೇಗ ಬರಿದಾಗುತ್ತದೆ.

ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವ ಬೈಕಿನ ಬ್ಯಾಟರಿಯನ್ನು ಬಿಚ್ಚಿಡುವುದು ಉತ್ತಮ. ಬಿಚ್ಚುವಾಗ ಮೊದಲು ಋಣ ತುದಿಯನ್ನು, ಅನಂತರ ಧನ ತುದಿಯನ್ನು ಕಳಚಬೇಕು. ಮರಳಿ ಜೋಡಿಸುವಾಗ ಮೊದಲು ಧನ, ಆಮೇಲೆ ಋಣ. ಬೈಕಿನ ಚೌಕಟ್ಟು ಋಣ ತುದಿಗೆ ಸೇರಿರುವುದರಿಂದ, ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಚೌಕಟ್ಟಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುವ ವಾಹನದಲ್ಲಿ ಈ ಅನುಕ್ರಮವನ್ನು ಲಘುವಾಗಿ ಕಾಣಬಾರದು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಅದು 12.4ಕ್ಕೆ ಇಳಿದರೆ ಮರಳಿ ಚಾರ್ಜ್ ಮಾಡಬೇಕು. ಕಾರಿನ ದೊಡ್ಡ ಚಾರ್ಜರುಗಳು ಬೈಕಿನ ಚಿಕ್ಕ ಬ್ಯಾಟರಿಗೆ ತಕ್ಕವಲ್ಲ. ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ವಿದ್ಯುತ್‌ಪ್ರವಾಹ ಸಾಕು. ಚಾರ್ಜ್ ಆಗುವಾಗ ಜಲಜನಕ ಹೊರಬರುವ ಸಾಧ್ಯತೆ ಇರುವುದರಿಂದ ಆ ಕೋಣೆಯ ಕಿಟಕಿ ತೆರೆದಿರಬೇಕು.

ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಯ ಸ್ವಭಾವ ಇದಕ್ಕೆ ವಿರುದ್ಧ. ಅದು ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಲಿನಲ್ಲಿ, ಬೇಗ ಸವೆಯುತ್ತದೆ. ಅರ್ಧದಷ್ಟು ಚಾರ್ಜ್ ಇರುವಂತೆ ನೋಡಿಕೊಂಡು ತಂಪಾದ ಜಾಗದಲ್ಲಿ ನಿಲ್ಲಿಸಿ, ತಯಾರಕರ ಕೈಪಿಡಿ ಹೇಳಿದ ಅವಧಿಗೊಮ್ಮೆ ಪರೀಕ್ಷಿಸಬೇಕು.

ಎಂಜಿನ್

ಬಳಸಿದ ಎಂಜಿನ್ ಆಯಿಲ್‌ನಲ್ಲಿ ದಹನದಿಂದ ಹುಟ್ಟಿದ ನೀರು ಮತ್ತು ಆಮ್ಲೀಯ ವಸ್ತುಗಳು ಸೇರಿರುತ್ತವೆ. ಇವು ತಿಂಗಳುಗಟ್ಟಲೆ ಬೇರಿಂಗ್‌ಗಳ ಮೇಲೆ ನಿಂತರೆ ಲೋಹವನ್ನು ತಿನ್ನುತ್ತವೆ. ಆದ್ದರಿಂದ ಆಯಿಲ್ ಬದಲಾಯಿಸಬೇಕಾದುದು ನಿಲ್ಲಿಸುವ ಮುನ್ನ. ಮರಳಿ ಬಂದ ಮೇಲೆ ಬದಲಾಯಿಸಿದರಾಯಿತು ಎಂಬ ಉಳಿತಾಯದ ಲೆಕ್ಕ ತಪ್ಪು. ಹೊಸ ಆಯಿಲ್ ಹಾಕಿದ ನಂತರ ಅದು ಹರಡುವಂತೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಬೇಕು. ಆರು ತಿಂಗಳಿಗೂ ಮೀರುವ ನಿಲುಗಡೆಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಕಿಕ್ಕರನ್ನು ನಿಧಾನವಾಗಿ ಕೆಲವು ಬಾರಿ ಒತ್ತಿ, ಪ್ಲಗ್ಗನ್ನು ಮರಳಿ ಕೂರಿಸಲಾಗುತ್ತದೆ. ಕೊನೆಗೆ ಕಿಕ್ಕರ್ ಬಿಗಿಯಾಗುವ ಹಂತದಲ್ಲಿ ಬಿಟ್ಟರೆ ಎರಡೂ ವಾಲ್ವ್‌ಗಳು ಮುಚ್ಚಿದ ಸ್ಥಿತಿಯಲ್ಲಿ ಉಳಿದು ಹೊರಗಿನ ತೇವ ಸಿಲಿಂಡರಿಗೆ ಇಳಿಯುವುದಿಲ್ಲ.

ಎರಡು ಸ್ಟ್ರೋಕ್ ಬೈಕ್‌ಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕ್‌ಗಳನ್ನು ಅಭಿಮಾನದಿಂದ ಕಾಪಾಡಿಕೊಂಡವರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಇವುಗಳ ಕ್ರ್ಯಾಂಕ್ ಬೇರಿಂಗ್‌ಗಳಿಗೆ ಎಣ್ಣೆ ದೊರೆಯುವುದು ಪೆಟ್ರೋಲ್‌ನಲ್ಲಿ ಬೆರೆಸಿದ ಆಯಿಲ್‌ನಿಂದ ಮಾತ್ರ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿರುವಂತೆ ಆಯಿಲ್ ತುಂಬಿದ ತಳಭಾಗ ಇಲ್ಲ. ಬಹುಕಾಲ ನಿಂತರೆ ಕ್ರ್ಯಾಂಕ್ ಕೋಣೆಯಲ್ಲಿ ಹನಿಗಟ್ಟಿದ ನೀರಿನಿಂದ ಬೇರಿಂಗ್‌ಗಳೇ ತುಕ್ಕು ಹಿಡಿಯುತ್ತವೆ. ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬರುವ ಮುನ್ನ ರೂಪಿಸಿದ ರಬ್ಬರ್ ಕೊಳವೆಗಳು ಮತ್ತು ಸೀಲ್‌ಗಳು ಅದರಲ್ಲಿ ಉಬ್ಬಿ ಬಿರುಕು ಬಿಡುವುದೂ ಉಂಟು. ಇಂತಹ ಬೈಕ್‌ಗಳ ಟ್ಯಾಂಕನ್ನು ಬರಿದು ಮಾಡಿಡುವುದೇ ಸೂಕ್ತ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವ ರೂಢಿ

ಊರಿಗೆ ಹೊರಟವರು ಮನೆಯವರಿಗೋ ನೆರೆಯವರಿಗೋ ಕೀಲಿ ಕೊಟ್ಟು, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಎಂದು ಹೇಳಿಹೋಗುವುದು ಸಾಮಾನ್ಯ. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗಲೂ ಬಹಳ ಮಂದಿ ಹೀಗೆಯೇ ಮಾಡಿದರು. ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆ ನೀರು ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ಉಳಿದುಬಿಡುತ್ತದೆ. ಸೆಲ್ಫ್ ಸ್ಟಾರ್ಟರ್ ಎಳೆದುಕೊಂಡ ವಿದ್ಯುತ್ತನ್ನು ನಿಂತಲ್ಲೇ ನಿಧಾನಗತಿಯಲ್ಲಿ ಓಡುವ ಎಂಜಿನ್ ಐದು ನಿಮಿಷದಲ್ಲಿ ಮರಳಿ ತುಂಬಿಕೊಡುವ ಭರವಸೆಯೂ ಇಲ್ಲ. ಪರವಾನಗಿ ಹೊಂದಿದ, ನಂಬಿಗಸ್ತರಾದವರು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವಂತಿದ್ದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಬೇರೆಯಿಲ್ಲ. ಅದು ಸಾಧ್ಯವಾಗದಿದ್ದರೆ ಎಂಜಿನ್ನನ್ನು ಮುಟ್ಟದೆ ಬಿಡುವುದೇ ಮೇಲು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದಂತೂ ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ.

ಟೈರ್, ಚೈನ್ ಮತ್ತು ಬ್ರೇಕ್

ಒಂದೇ ಭಾಗದ ಮೇಲೆ ಭಾರ ಹೊತ್ತು ನಿಂತ ಟೈರ್ ಅಲ್ಲಿ ಚಪ್ಪಟೆಯಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸುವುದು, ಗಾಳಿಯ ಒತ್ತಡವನ್ನು ಸರಿಯಾಗಿ ತುಂಬಿಸುವುದು, ನೆಲದಲ್ಲಿರುವ ಟೈರಿನ ಕೆಳಗೆ ಹಲಗೆ ಇಡುವುದು ಇದಕ್ಕೆ ಪರಿಹಾರ. ಸೈಡ್ ಸ್ಟ್ಯಾಂಡ್ ಮಾತ್ರ ಇರುವ ಬೈಕನ್ನು ಮಣ್ಣಿನ ನೆಲದಲ್ಲಿ ಬಿಟ್ಟರೆ ಮಳೆಗೆ ನೆಲ ಮೆತ್ತಗಾಗಿ ಉರುಳುತ್ತದೆ, ಸ್ಟ್ಯಾಂಡಿನ ಕೆಳಗೂ ಹಲಗೆ ಬೇಕು. ಚೈನನ್ನು ಸ್ವಚ್ಛಗೊಳಿಸಿ ಎಣ್ಣೆ ಹಚ್ಚಬೇಕು. ಕ್ಲಚ್ ಮತ್ತು ಬ್ರೇಕಿನ ಕೇಬಲ್‌ಗಳಿಗೂ ಎಣ್ಣೆ ಬಿಡಬೇಕು, ಆದರೆ ಡಿಸ್ಕಿಗೆ ಎಣ್ಣೆ ಸೋಕಬಾರದು. ಡಿಸ್ಕ್ ಬ್ರೇಕಿನ ದ್ರವವೂ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಆಗ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ದ್ರವ ಕುದಿದು ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯದೆ ಹೋಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಲು ಸೂಚಿಸಲಾಗುತ್ತದೆ.

ನಿಲ್ಲಿಸುವ ಸ್ಥಳ

ನಿಲ್ಲಿಸುವ ಮುನ್ನ ಬೈಕನ್ನು ತೊಳೆದು, ಪೂರ್ತಿ ಒಣಗಿಸಬೇಕು. ಮಣ್ಣು ಮತ್ತು ಹಕ್ಕಿಯ ಹಿಕ್ಕೆ ಬಣ್ಣವನ್ನು ಕೆಡಿಸುತ್ತವೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತುವುದು ರೂಢಿಯಲ್ಲಿದ್ದರೂ ಅದು ಒಳಗಿನ ತೇವವನ್ನು ಹೊರಬಿಡದೆ ತುಕ್ಕಿಗೂ ಸೀಟಿನ ಮೇಲಿನ ಬೂಷ್ಟಿಗೂ ಎಡೆಮಾಡುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ, ಅದಿಲ್ಲದಿದ್ದರೆ ಹಳೆಯ ಹತ್ತಿಯ ಬೆಡ್‌ಶೀಟು ಲೇಸು.

ಇಲಿಗಳು ವೈರುಗಳನ್ನು ಕಡಿಯುತ್ತವೆ, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತವೆ. ಕಣಜಗಳು ಸೈಲೆನ್ಸರಿನ ಬಾಯಿಯಲ್ಲಿ ಮಣ್ಣಿನ ಗೂಡು ಮಾಡುತ್ತವೆ. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಅದರ ಬಾಯಿಗೆ ಬಟ್ಟೆ ತುರುಕಿ ಮುಚ್ಚಬಹುದು. ಹಾಗೆ ಮುಚ್ಚಿದವರು ಕೆಂಪು ದಾರವೊಂದನ್ನು ಹ್ಯಾಂಡಲಿಗೆ ಕಟ್ಟಿಟ್ಟರೆ ಮರಳಿ ಬಂದಾಗ ನೆನಪಾಗುತ್ತದೆ. ಅಕ್ಕಿ ಮೂಟೆ, ಕೊಬ್ಬರಿ, ದನದ ಹಿಂಡಿ ಇಡುವ ಕೋಣೆಯಲ್ಲಿ ಬೈಕ್ ನಿಲ್ಲಿಸಿದರೆ ಇಲಿಗಳನ್ನು ತಡೆಯುವುದು ಕಷ್ಟ.

ಪೆಟ್ರೋಲ್‌ನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನು ತಲುಪಬಲ್ಲದು. ಆದ್ದರಿಂದ ಅಡುಗೆ ಒಲೆ, ಬಚ್ಚಲಿನ ಹಂಡೆಯ ಒಲೆ ಅಥವಾ ದೇವರ ದೀಪ ಉರಿಯುವ ಜಾಗಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಬೈಕ್ ಇಡಬಾರದು. ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ, ವಿದ್ಯುತ್ ಮೀಟರುಗಳ ಪಕ್ಕ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಅಲ್ಲಿ ಬೆಂಕಿ ಹೊತ್ತಿದರೆ ಮೇಲಿನ ಮನೆಗಳವರು ಇಳಿದುಬರುವ ದಾರಿಯೇ ಮುಚ್ಚಿಹೋಗುತ್ತದೆ. ನೆಲಮಾಳಿಗೆಗೆ ನೆರೆಯ ಭಯವಿದೆ. 2022ರ ಸೆಪ್ಟೆಂಬರಿನ ಮಳೆಗೆ ಪೂರ್ವ ಬೆಂಗಳೂರಿನ ಹಲವು ಕಟ್ಟಡಗಳ ನೆಲಮಾಳಿಗೆಗಳು ನೀರಿನಲ್ಲಿ ಮುಳುಗಿದವು. ಸಾರ್ವಜನಿಕ ರಸ್ತೆಯ ಬದಿಯಲ್ಲಿ ಬಿಟ್ಟುಹೋದರೆ ಕಳ್ಳತನದ ಜೊತೆಗೆ, ವಾರಸುದಾರರಿಲ್ಲದ ವಾಹನವೆಂದು ಸಾಗಿಸಲ್ಪಡುವ ಸಾಧ್ಯತೆಯೂ ಇದೆ.

ವಿಮೆ ಮತ್ತು ದಾಖಲೆಗಳು

ಕೆಲವು ದೇಶಗಳಲ್ಲಿ ಓಡದ ವಾಹನಕ್ಕೆ ಕಾನೂನಿನ ವಿನಾಯಿತಿ ಇದೆ. ಬ್ರಿಟನ್ನಿನಲ್ಲಿ ವಾಹನ ರಸ್ತೆಯಲ್ಲಿಲ್ಲವೆಂದು ಘೋಷಿಸಿದರೆ ತೆರಿಗೆ ಮತ್ತು ವಿಮೆಯ ಕಡ್ಡಾಯ ತಪ್ಪುತ್ತದೆ. ಜರ್ಮನಿಯಲ್ಲಿ ವರ್ಷದ ಕೆಲವೇ ತಿಂಗಳುಗಳಿಗೆ ಅನ್ವಯಿಸುವ ಋತುಮಾನದ ನಂಬರ್ ಪ್ಲೇಟ್ ದೊರೆಯುತ್ತದೆ. ಕರ್ನಾಟಕದಲ್ಲಿ ದ್ವಿಚಕ್ರ ವಾಹನಗಳಿಗೆ ನೋಂದಣಿಯ ಸಮಯದಲ್ಲೇ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುವುದರಿಂದ ನಿಲ್ಲಿಸಿಟ್ಟು ತೆರಿಗೆ ಉಳಿಸುವ ಪ್ರಶ್ನೆ ಬರುವುದಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೆಯ ವ್ಯಕ್ತಿಯ ವಿಮೆಯನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯಗೊಳಿಸಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಇಂತಹ ವಿಮೆಯನ್ನು ಖರೀದಿಯ ಸಮಯದಲ್ಲೇ ಪಡೆಯಬೇಕು. ಆದರೆ ನಿಂತ ಬೈಕಿಗೆ ನಿಜವಾಗಿ ಬೇಕಾದುದು ಕಳ್ಳತನ, ಬೆಂಕಿ, ನೆರೆ, ಮರ ಬೀಳುವುದು ಮುಂತಾದವುಗಳಿಂದ ಆಗುವ ಸ್ವಂತ ಹಾನಿಯ ವಿಮೆ. ಓಡಿಸುವುದೇ ಇಲ್ಲವಲ್ಲ ಎಂದು ಅನೇಕರು ಕೈಬಿಡುವುದು ಇದನ್ನೇ. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ವರ್ಷಗಳಿಂದ ಕೂಡಿಬಂದ ಕ್ಲೇಮುರಹಿತ ರಿಯಾಯಿತಿಯೂ ಕೈತಪ್ಪುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಮಾತ್ರ ಊರ್ಜಿತವಾಗಿದ್ದು, ಹಳೆಯ ಬೈಕಿನ ಮಾಲೀಕರು ಹೊರಡುವ ಮೊದಲು ಆ ದಿನಾಂಕವನ್ನು ನೋಡಿಕೊಳ್ಳಬೇಕು.

ಮರಳಿ ಬಳಕೆಗೆ ತರುವುದು

ಮರಳಿ ಬಂದವರು ಮೊದಲು ಕೀಲಿ ತಿರುಗಿಸದೆ ಸುತ್ತಲೂ ನೋಡಬೇಕು. ಸೈಲೆನ್ಸರಿನ ಬಟ್ಟೆಯನ್ನು ತೆಗೆದು, ಏರ್ ಫಿಲ್ಟರ್ ಬಿಚ್ಚಿ ಗೂಡುಗಳಿವೆಯೇ ಎಂದು, ವೈರುಗಳಿಗೆ ಇಲಿಯ ಹಲ್ಲು ತಾಗಿದೆಯೇ ಎಂದು ಪರೀಕ್ಷಿಸಬೇಕು. ಸಿಪ್ಪೆ ಸುಲಿದ ವೈರಿಗೆ ಬ್ಯಾಟರಿ ಜೋಡಿಸಿದರೆ ಬೆಂಕಿ ಹೊತ್ತಬಹುದು. ಟ್ಯಾಂಕಿನ ಪೆಟ್ರೋಲ್ ಹುಳಿವಾಸನೆ ಬೀರುತ್ತಿದ್ದರೆ ಅಥವಾ ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಳಸಬಾರದು. ಬೈಕು ನೆರೆಯಲ್ಲಿ ಮುಳುಗಿದ್ದರಂತೂ ಸ್ಟಾರ್ಟ್ ಮಾಡುವ ಯತ್ನವೇ ಸಲ್ಲದು. ಸಿಲಿಂಡರಿನಲ್ಲಿರುವ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಕ್ಕರನ್ನು ಹತ್ತಾರು ಬಾರಿ ಒತ್ತಿದರೆ ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆ ಹೊರಬರುತ್ತದೆ, ಆಯಿಲ್ ಎಲ್ಲ ಕಡೆಗೂ ಹರಡುತ್ತದೆ. ಬಹುಕಾಲ ನಿಂತ ಬೈಕಿನ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವ ಸಂಭವವಿದೆ. ಹಾಗಿದ್ದಾಗ ಕ್ಲಚ್ ಹಿಡಿದು ಗೇರ್ ಹಾಕಿದರೂ ಬೈಕು ಮುಂದಕ್ಕೆ ನೆಗೆಯುತ್ತದೆ. ಎಂಜಿನ್ ಆಫ್ ಇರುವಾಗಲೇ ಎತ್ತರದ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ಹಿಂದಕ್ಕೂ ಮುಂದಕ್ಕೂ ತಳ್ಳಿದರೆ ಅವು ಬಿಟ್ಟುಕೊಳ್ಳುತ್ತವೆ. ಡಿಸ್ಕಿನ ಮೇಲಿನ ತೆಳುವಾದ ತುಕ್ಕು ಕೆಲವು ಬಾರಿ ಬ್ರೇಕ್ ಹಿಡಿದಾಗ ಸವೆದುಹೋಗುತ್ತದೆ, ಅಲ್ಲಿಯವರೆಗೆ ಬ್ರೇಕಿನ ಹಿಡಿತ ಕಡಿಮೆ. ಲಿವರ್ ಮೆತ್ತಗಿದ್ದರೆ ಅಥವಾ ಟೈರಿನ ಪಕ್ಕೆಯಲ್ಲಿ ಬಿರುಕುಗಳು ಕಂಡರೆ ವಾಹನವನ್ನು ಓಡಿಸಿಕೊಂಡು ಹೋಗದೆ ಮೆಕ್ಯಾನಿಕನ್ನು ಮನೆಗೇ ಕರೆಸಬೇಕು. ಮೊದಲ ಸವಾರಿಯನ್ನು ಮನೆಯ ಹತ್ತಿರದ ಜನವಿರಳ ರಸ್ತೆಯಲ್ಲಿ ನಿಧಾನವಾಗಿ ನಡೆಸಿ, ಎರಡೂ ಬ್ರೇಕುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ಅನಂತರವಷ್ಟೇ ಮುಖ್ಯರಸ್ತೆಗೆ ಇಳಿಯಬೇಕು. ಮಾಲಿನ್ಯ ತಪಾಸಣೆಯ ಪ್ರಮಾಣಪತ್ರದ ಅವಧಿ ಈ ನಡುವೆ ಮುಗಿದಿದ್ದರೆ ಅದನ್ನೂ ಹೊಸದಾಗಿ ಪಡೆಯಬೇಕಾಗುತ್ತದೆ.